ಬದಿಗಿಟ್ಟ ಕಾರ್ಡುಗಳಿಂದ ಶುರುವಾಗುವ ಮಾತು

ಯಾವ ಕೋರ್ಸಿಗೆ ಯಾವ ಅರ್ಹತೆ ಬೇಕೆಂಬುದನ್ನು ಮಕ್ಕಳು ಈಗ ಮೊಬೈಲಿನಲ್ಲೇ ಹುಡುಕಿಕೊಂಡು ಬರುತ್ತಾರೆ. ಹಾಗಾಗಿ ಶಾಲೆಯ ವೃತ್ತಿ ಮಾರ್ಗದರ್ಶನದಲ್ಲಿ ನನಗೆ ಎದುರಾದ ದೊಡ್ಡ ತೊಡಕು ಮಾಹಿತಿಯದಲ್ಲ. ಅವರು ನನ್ನೆದುರು ಬಂದು ಕೂರುವ ಹೊತ್ತಿಗೆ ಹಲವು ದಾರಿಗಳನ್ನು ತಾವಾಗಿಯೇ ಮುಚ್ಚಿಕೊಂಡಿರುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಗಾಟ್‌ಫ್ರೆಡ್‌ಸನ್ 1981ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಮಕ್ಕಳು 6ರಿಂದ 8ರ ವಯಸ್ಸಿನಲ್ಲಿ ಗಂಡಸರ ಕೆಲಸ, ಹೆಂಗಸರ ಕೆಲಸ ಎಂಬ ಎಣಿಕೆಯಿಂದಲೂ, 9ರಿಂದ 13ರ ನಡುವೆ ಅಂತಸ್ತಿನ ಲೆಕ್ಕದಿಂದಲೂ ಅನೇಕ ವೃತ್ತಿಗಳನ್ನು ಕೈಬಿಡುತ್ತಾರೆ. ಸ್ವಂತ ಆಸಕ್ತಿಯ ಪ್ರಶ್ನೆ ಏಳುವುದು ಆಮೇಲೆ.

ಇದನ್ನು ಓದಿದ ಮೇಲೆ, ಪ್ರೌಢಶಾಲೆಯ ಕೊನೆಯ ವರ್ಷಕ್ಕೆ ಮೀಸಲಾಗಿದ್ದ ಈ ಕೆಲಸವನ್ನು ಕೆಳಗಿನ ತರಗತಿಗಳಿಂದಲೇ ಆರಂಭಿಸಿದೆ. ಒಂದೊಂದು ವೃತ್ತಿಯ ಹೆಸರು ಬರೆದ ಕಾರ್ಡುಗಳನ್ನು ಕೊಟ್ಟು, ಬೇಡವಾದವುಗಳನ್ನು ಬದಿಗಿಡಲು ಹೇಳಿ, ಪ್ರತಿಯೊಂದಕ್ಕೂ ಕಾರಣವನ್ನು ಕೇಳುತ್ತೇನೆ. ಮನೆಯ ಸ್ವಿಚ್‌ಬೋರ್ಡನ್ನು ತಾನೇ ಬಿಚ್ಚಿ ರಿಪೇರಿ ಮಾಡಿದ್ದ ಹುಡುಗಿಯೊಬ್ಬಳು ಎಲೆಕ್ಟ್ರಿಷಿಯನ್ ಕಾರ್ಡನ್ನು ಎಲ್ಲಕ್ಕಿಂತ ಮೊದಲು ಬದಿಗಿಟ್ಟಳು. “ಕೆಲಸ ಬರುವುದಿಲ್ಲ ಅಂತಲ್ಲ, ಆದರೆ ನನ್ನನ್ನು ಯಾರು ಕರೆಯುತ್ತಾರೆ?” ಎಂದಳು. ಯಾವ ಆಸಕ್ತಿ ಪರೀಕ್ಷೆಯೂ ಈ ಉತ್ತರವನ್ನು ಹೊರತೆಗೆಯಲಾರದು.

ಪರೀಕ್ಷೆಗಳನ್ನು ನಾನು ಬಿಟ್ಟಿಲ್ಲ. ವೃತ್ತಿ ಆಯ್ಕೆಯ ಬಗ್ಗೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಗುರುತಿಸಿದ ಆರು ಬಗೆಯ ವ್ಯಕ್ತಿತ್ವಗಳನ್ನು ಆಧರಿಸಿದ ಪ್ರಶ್ನಾವಳಿ ಮಾತು ಆರಂಭಿಸುವುದಕ್ಕೆ ಉಪಯುಕ್ತವಾದದ್ದೇ. ಆದರೆ ಅದರ ವರದಿ ಮನೆಗೆ ಹೋದೊಡನೆ ಅಂಕಪಟ್ಟಿಯಾಗಿಬಿಡುತ್ತದೆ. ಆದ್ದರಿಂದ ವರದಿಯಲ್ಲಿ ತನಗೆ ಒಪ್ಪಿಗೆಯಾಗದ ಸಾಲುಗಳನ್ನು ವಿದ್ಯಾರ್ಥಿಯೇ ಪೆನ್ಸಿಲಿನಿಂದ ಗುರುತು ಮಾಡಿ, ನನ್ನೊಡನೆ ಚರ್ಚಿಸಿದ ನಂತರವಷ್ಟೇ ಅದನ್ನು ಪೋಷಕರಿಗೆ ತೋರಿಸುವ ಕ್ರಮವನ್ನು ಇಟ್ಟುಕೊಂಡಿದ್ದೇನೆ.

ಪೋಷಕರ ಸಭೆ ಇದಕ್ಕಿಂತ ಕಠಿಣ. “ನೀವೇ ಒಂದು ಮಾತು ಹೇಳಿಬಿಡಿ, ನಿಮ್ಮ ಮಾತು ಕೇಳುತ್ತಾನೆ” ಎನ್ನುವವರಿಗೆ ಬೇಕಾಗಿರುವುದು ಮಾರ್ಗದರ್ಶಕರಲ್ಲ, ವಕೀಲರು. ಅವರ ಕೈಗೂ ಅದೇ ಕಾರ್ಡುಗಳನ್ನು ಕೊಟ್ಟು, ಮಗುವಿನ ಆಯ್ಕೆ ಏನಿರಬಹುದೆಂದು ಊಹಿಸಲು ಹೇಳುತ್ತೇನೆ. ಊಹೆ ತಪ್ಪಿದಾಗ ಮಾತು ತಾನಾಗಿಯೇ ಬೇರೆ ದಿಕ್ಕಿಗೆ ಹೊರಳುತ್ತದೆ. ಮಗು ನನ್ನಲ್ಲಿ ಹೇಳಿಕೊಂಡದ್ದನ್ನು ಅದರ ಒಪ್ಪಿಗೆಯಿಲ್ಲದೆ ಆ ಸಭೆಯಲ್ಲಿ ಎತ್ತುವುದಿಲ್ಲ.

ಉಳಿದದ್ದು ಸಮಯದ ಪ್ರಶ್ನೆ. ಅಮೆರಿಕದ ಶಾಲಾ ಸಮಾಲೋಚಕರ ಸಂಘ ಒಬ್ಬ ಸಮಾಲೋಚಕರಿಗೆ 250 ವಿದ್ಯಾರ್ಥಿಗಳೆಂಬ ಅನುಪಾತವನ್ನು ಶಿಫಾರಸು ಮಾಡುತ್ತದೆ. ಶಿಕ್ಷಕರು ರಜೆ ಹಾಕಿದಾಗ ಅವರ ತರಗತಿಗೂ, ಪರೀಕ್ಷಾ ಮೇಲ್ವಿಚಾರಣೆಗೂ ಸಮಾಲೋಚಕರನ್ನೇ ಕಳಿಸುವ ಶಾಲೆಯಲ್ಲಿ ಆ ಅನುಪಾತವಿದ್ದರೂ ಹೆಚ್ಚಿನ ಪ್ರಯೋಜನವಿಲ್ಲ. ಕಾರ್ಡಿನ ಚಟುವಟಿಕೆಯನ್ನು ಗುಂಪಿನಲ್ಲಿ ಮುಗಿಸಿ, ಕಾರಣ ಹೇಳಲು ತಡವರಿಸಿದವರನ್ನು ಮಾತ್ರ ಮೊದಲು ಒಬ್ಬೊಬ್ಬರಾಗಿ ಕರೆಯುತ್ತೇನೆ. ಹೆಚ್ಚು ಅಂಕ ಪಡೆದವರೂ ಆ ಪಟ್ಟಿಯಲ್ಲಿ ಸಾಕಷ್ಟು ಮಂದಿ ಇರುತ್ತಾರೆ. ಅವರಿಗೆ ಸಲಹೆಯ ಅಗತ್ಯವೇನಿದೆ ಎಂದು ಆಡಳಿತದವರು ಇಂದಿಗೂ ಕೇಳುತ್ತಾರೆ.