ಕುಡಿತ ಬಿಟ್ಟ ಮೊದಲ ವರ್ಷದಲ್ಲಿ ಸಂಗಾತಿಗಳು ನಡೆದುಕೊಳ್ಳಬೇಕಾದ ಬಗೆ

ಕುಡಿತ ನಿಂತ ಕೂಡಲೇ ಸಂಸಾರ ಸರಿಹೋಗುತ್ತದೆ ಎಂದು ನಂಬಿದವರಿಗೆ ಮೊದಲ ಕೆಲವು ವಾರಗಳಲ್ಲೇ ನಿರಾಶೆಯಾಗುವುದುಂಟು. ನಿದ್ದೆ ಬಾರದಿರುವುದು, ಸಣ್ಣ ಮಾತಿಗೂ ಸಿಡುಕುವುದು, ಮಂಕಾಗಿ ಕುಳಿತುಬಿಡುವುದು ಈ ಹಂತದಲ್ಲಿ ಸಾಮಾನ್ಯ; ಇವು ಪ್ರೀತಿ ಬತ್ತಿದ್ದರ ಗುರುತಲ್ಲ. ಸಂಗಾತಿ ವರ್ಷಗಟ್ಟಲೆ ನುಂಗಿಕೊಂಡಿದ್ದ ಕೋಪವೂ ಇದೇ ಹೊತ್ತಿಗೆ ಹೊರಬರುತ್ತದೆ, ಏಕೆಂದರೆ ಈಗ ಎದುರಿಗಿರುವವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರುತ್ತಾರೆ.

ದಿನವೂ ಹೆಚ್ಚು ಕುಡಿಯುತ್ತಿದ್ದವರು ವೈದ್ಯರನ್ನು ಕಾಣದೆ ಒಮ್ಮೆಲೇ ನಿಲ್ಲಿಸಬಾರದು. ಕೊನೆಯ ಕುಡಿತದ ನಂತರದ ಮೊದಲ 2 ದಿನಗಳಲ್ಲಿ ಫಿಟ್ಸ್ ಬರಬಹುದು. ಆಮೇಲೆ ಕೈನಡುಕದ ಜೊತೆಗೆ ಬುದ್ಧಿಭ್ರಮಣೆ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ, ‘ನನ್ನ ಮೇಲೆ ಪ್ರೀತಿಯಿದ್ದರೆ ಇವತ್ತೇ ಬಿಡು’ ಎಂದು ಪಟ್ಟು ಹಿಡಿಯುವ ಮೊದಲು ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಪಡೆಯಬಹುದು.

ನಮ್ಮಲ್ಲಿ ದೇವರ ಮುಂದೆಯೋ ಮಕ್ಕಳ ತಲೆ ಮುಟ್ಟಿಯೋ ಆಣೆ ಮಾಡಿಸುವುದು ರೂಢಿ. ಜೀವಮಾನಕ್ಕೆಲ್ಲ ಸೇರಿಸಿ ಮಾಡಿದ ಆಣೆ ಮುರಿದಾಗ ಕುಡಿತದ ಜೊತೆಗೆ ದ್ರೋಹದ ಭಾರವೂ ಸೇರಿಕೊಳ್ಳುತ್ತದೆ. ಇದಕ್ಕಿಂತ ದಂಪತಿ ಚಿಕಿತ್ಸೆಯಲ್ಲಿ ಬಳಸುವ ದಿನದ ಒಪ್ಪಂದವೇ ಮೇಲು. ಬೆಳಗಿನ ಕಾಫಿಯ ಹೊತ್ತಿಗೋ ರಾತ್ರಿಯ ಊಟದ ನಂತರವೋ ಒಂದು ಸಮಯವನ್ನು ಗೊತ್ತುಮಾಡಿಕೊಳ್ಳಿ. ಕುಡಿತ ಬಿಟ್ಟವರು ‘ಮುಂದಿನ 24 ಗಂಟೆ ನಾನು ಕುಡಿಯುವುದಿಲ್ಲ’ ಎಂದು ಹೇಳಬೇಕು. ಸಂಗಾತಿ ಕೃತಜ್ಞತೆ ಹೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಗೆ ಮಾತು ಮುಗಿಸಬೇಕು. ಆ ಹೊತ್ತಿನಲ್ಲಿ ಹಳೆಯ ಜಗಳಗಳನ್ನಾಗಲಿ ನಾಳೆಯ ಭಯವನ್ನಾಗಲಿ ಎತ್ತಕೂಡದು. ಪ್ರತಿಯಾಗಿ, ದಿನದ ಉಳಿದ ಹೊತ್ತಿನಲ್ಲಿ ಬಾಯಿ ಮೂಸುವುದು, ಜೇಬು ತಡಕುವುದು, ಕಚೇರಿಗೆ ಗುಟ್ಟಾಗಿ ಫೋನು ಮಾಡುವುದು ನಿಲ್ಲಬೇಕು. ಹೇಳಿದಷ್ಟು ಸುಲಭವಲ್ಲ, ವಿಶೇಷವಾಗಿ ಸಂಬಳದ ದಿನ.

ಕುಡಿತದಿಂದ ದೂರವಿರಲು ನೆರವಾಗುವ ಡೈಸಲ್ಫಿರಾಂ ಮಾತ್ರೆಯನ್ನು ವೈದ್ಯರು ಕೊಟ್ಟಿದ್ದರೆ ಅದನ್ನು ಇದೇ ಸಮಯದಲ್ಲಿ ಸಂಗಾತಿಯ ಎದುರು ತೆಗೆದುಕೊಳ್ಳುವುದು ಒಳ್ಳೆಯದು. ಆದರೆ ಅದನ್ನು ಸಾರಿನಲ್ಲೋ ಹಾಲಿನಲ್ಲೋ ಕದ್ದು ಬೆರೆಸುವ ಯೋಚನೆಯನ್ನು ಬಿಟ್ಟುಬಿಡಿ. ಈ ಮಾತ್ರೆ ಒಳಗಿರುವಾಗ ಕುಡಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತವಾಗಿ ಪ್ರಾಣಾಪಾಯವೂ ಆಗಬಹುದು. ‘ತಿಳಿಯದಂತೆ ಬಿಡಿಸುತ್ತೇವೆ’ ಎಂದು ಜಾಹೀರಾತು ಕೊಡುವವರ ಪುಡಿಗಳಲ್ಲಿ ಏನಿದೆಯೆಂಬುದನ್ನು ಯಾರೂ ಖಾತರಿಪಡಿಸಲಾರರು.

ದೈಹಿಕ ಸಂಬಂಧದ ವಿಷಯವನ್ನು ಹಲವರು ಸಂಕೋಚದಿಂದ ವೈದ್ಯರ ಬಳಿಯೂ ಎತ್ತುವುದಿಲ್ಲ. ದೀರ್ಘಕಾಲದ ಕುಡಿತವು ಪುರುಷರಲ್ಲಿ ಆಸಕ್ತಿಯನ್ನೂ ನಿಮಿರುವಿಕೆಯನ್ನೂ ಕುಗ್ಗಿಸುತ್ತದೆ. ಕುಡಿತ ಬಿಟ್ಟ ಮೇಲೆ ಅನೇಕರಲ್ಲಿ ಇದು ತಿಂಗಳುಗಳಲ್ಲಿ ಸುಧಾರಿಸುತ್ತದೆ. ಈ ಕೊರತೆಯೇ ಹೆಂಡತಿಯ ಶೀಲದ ಮೇಲಿನ ಸಂಶಯವಾಗಿ ತಿರುಗುವುದೂ ಉಂಟು. ಕುಡಿತ ನಿಂತರೂ ಸಂಶಯ ಬಲವಾಗಿಯೇ ಉಳಿದರೆ ಅದಕ್ಕೆ ವಾದದಿಂದ ಪರಿಹಾರವಿಲ್ಲ, ಮನೋವೈದ್ಯರನ್ನೇ ಕಾಣಬೇಕು. ಇತ್ತ ‘ಈಗ ಕುಡಿಯುತ್ತಿಲ್ಲವಲ್ಲ’ ಎಂಬ ಕಾರಣಕ್ಕೆ ಸಂಗಾತಿ ಒಡನೆಯೇ ಹತ್ತಿರವಾಗಬೇಕೆಂದು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ.

ಜಾರಿ ಮತ್ತೆ ಕುಡಿದರೆ ಏನು ಮಾಡಬೇಕೆಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ: ಯಾರಿಗೆ ಕರೆ ಮಾಡುವುದು, ಮಕ್ಕಳು ಎಲ್ಲಿರಬೇಕು, ವೈದ್ಯರನ್ನು ಯಾವಾಗ ಕಾಣುವುದು. ಅಮಲಿನಲ್ಲಿರುವವರೊಡನೆ ಅಂದು ರಾತ್ರಿಯೇ ಚರ್ಚೆ ಬೇಡ. ಹೊಡೆತ ಬಿದ್ದರೆ ಮಾತ್ರ ಅದನ್ನು ಚೇತರಿಕೆಯ ಏರಿಳಿತವೆಂದು ಸಹಿಸಬೇಡಿ. ಮಹಿಳಾ ಸಹಾಯವಾಣಿ 181 ಮತ್ತು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇರುವುದು ಇದಕ್ಕಾಗಿಯೇ. ಕುಡಿಯುವವರ ಮನೆಯವರಿಗಾಗಿ 1951ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಅಲ್-ಅನಾನ್ ಕೂಟಗಳು ಭಾರತದಲ್ಲೂ ನಡೆಯುತ್ತವೆ, ಕುಡಿಯುವವರು ಬಿಡದಿದ್ದರೂ ಸಂಗಾತಿ ಅಲ್ಲಿಗೆ ಹೋಗಬಹುದು.

ಇನ್ನು ಅವಿವಾಹಿತರ ವಿಷಯ. ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬ ಹಿರಿಯರ ಲೆಕ್ಕಾಚಾರಕ್ಕೆ ಬಲಿಯಾಗುವವಳು ಏನೂ ತಿಳಿಯದ ಒಬ್ಬ ಹುಡುಗಿ. ಮೊದಲ ವರ್ಷ ಹೊಸ ಪ್ರೇಮಕ್ಕೆ ತೊಡಗಬೇಡಿ ಎಂಬ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ, ಕುಡಿತ ಬಿಡುವವರ ಪರಸ್ಪರ ನೆರವಿನ ಕೂಟ) ವಲಯದ ಹಿತವಚನ ಕಟ್ಟುನಿಟ್ಟಿನ ನಿಯಮವೇನಲ್ಲ, ಆದರೂ ಪಾಲಿಸಲು ಯೋಗ್ಯ. ಸಂಬಂಧ ಕುದುರುವ ಸೂಚನೆ ಕಂಡರೆ, ನಿಶ್ಚಿತಾರ್ಥಕ್ಕೆ ಮುಂಚೆ, ಮಧ್ಯವರ್ತಿಗಳ ಮೂಲಕವಲ್ಲದೆ ನೀವೇ ನೇರವಾಗಿ ತಿಳಿಸಿ: ಎಂದಿನಿಂದ ಬಿಟ್ಟಿದ್ದೀರಿ, ಯಾವ ಚಿಕಿತ್ಸೆ ನಡೆದಿದೆ, ಮದುವೆಮನೆಯ ಪಾರ್ಟಿಗಳಿಂದ ಏಕೆ ಬೇಗ ಎದ್ದುಬರುತ್ತೀರಿ. ಉತ್ತರಕ್ಕೆ ಅವರು ಸಮಯ ಕೇಳಿದರೆ ಕೊಡಿ.