ಕಿಲೋನೋ ಕ್ವಿಂಟಲೋ: ಹೆಲ್ಪ್ ಸಾಲು ತಿದ್ದಿದ ಕಥೆ

ವಿಜಯಪುರದಲ್ಲಿ ನಮ್ಮ ಮಾಮಾ ಒಣದ್ರಾಕ್ಷಿ ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ಬರೆಯುತ್ತಾರೆ. ತಿಕೋಟಾ ಕಡೆಯಿಂದ ಬರುವ ಮಾಲಿನ ತೂಕವನ್ನೆಲ್ಲ ದಿನಕ್ಕೊಂದು ಸಿಎಸ್‌ವಿ ಫೈಲಿನಲ್ಲಿ ಇಡುತ್ತಾರೆ. ಆ ಫೈಲುಗಳನ್ನು ಸೇರಿಸಿ ಯಾವ ರೈತರದ್ದು ಎಷ್ಟು ಅಂತ ಮೊತ್ತ ತೆಗೆಯಲು ಪೈಥಾನ್‌ನಲ್ಲಿ ಒಂದು ಸಣ್ಣ ಕಮಾಂಡ್ ಬರೆದುಕೊಟ್ಟೆ. ಕಮಾಂಡ್ ಜೊತೆ ಟೈಪ್ ಮಾಡುವ --ಮಿನ್ ಥರದ ಆಪ್ಷನ್‌ಗಳು ಏನು ಮಾಡುತ್ತವೆ ಅಂತ ತೋರಿಸುವ ಹೆಲ್ಪ್ ಸಾಲುಗಳನ್ನು ಕೊನೆಗೆ, ಅವಸರದಲ್ಲಿ ಬರೆದಿದ್ದೆ.

ಮೊದಲ ವಾರವೇ ಫೋನ್ ಬಂತು. "ಏನಪಾ, ಇಲ್ಲಿ ಕನಿಷ್ಠ ತೂಕ ಅಂತ ಐತಿ. ಕಿಲೋನೋ ಕ್ವಿಂಟಲೋ?"

--ಮಿನ್ ಎದುರಿಗೆ "ಕನಿಷ್ಠ ತೂಕವನ್ನು ನಿಗದಿಪಡಿಸುತ್ತದೆ" ಅಂತ ಬರೆದಿದ್ದೆ. ಆಪ್ಷನ್ ಹೆಸರನ್ನೇ ಉದ್ದ ಮಾಡಿ ಹೇಳಿದಂತೆ, ಅಲ್ವಾ? ಮಾಮಾ ಕ್ವಿಂಟಲ್ ಅಂದುಕೊಂಡು 2 ಕೊಟ್ಟಿದ್ದರು. ಪ್ರೋಗ್ರಾಂ ಅದನ್ನು 2 ಕಿಲೋ ಅಂತ ತಗೊಂಡಿತ್ತು.

ಜಾಸ್ತಿ ನೋವಾಗಿದ್ದು --ಕ್ಲೀನ್‌ನಿಂದ. "ಹಳೆಯದನ್ನು ಸ್ವಚ್ಛ ಮಾಡುತ್ತದೆ" ಅಂದಿದ್ದೆ. ಖಾಲಿ ಸಾಲು ತೆಗೆಯುತ್ತದೆ ಅಂದುಕೊಂಡು ಮಾಮಾ ಅದನ್ನು ಹಾಕಿದರು. ಅದು ಮೂಲ ಫೈಲುಗಳನ್ನೇ ಅಳಿಸುತ್ತಿತ್ತು. ಪುಣ್ಯಕ್ಕೆ ತೂಕದ ಚೀಟಿಗಳು ಇದ್ದವು. ಇಬ್ಬರೂ ಎರಡು ರಾತ್ರಿ ಕೂತು ಮತ್ತೆ ಟೈಪ್ ಮಾಡಿದೆವು. ತಪ್ಪು ಪೂರ್ತಿ ನನ್ನದೇ.

ಆಮೇಲೆ ಒಂದು ಭಾನುವಾರ ಅವರ ಪಕ್ಕದಲ್ಲೇ ಕೂತೆ. ಒಂದೊಂದು ಸಾಲನ್ನು ಓದಿ ಹೇಳುವುದು, ಅವರು ಕೇಳಿದ ಪ್ರಶ್ನೆಗೆ ನಾನು ಬಾಯಲ್ಲಿ ಕೊಟ್ಟ ಉತ್ತರವನ್ನೇ ಅಲ್ಲಿ ಬರೆಯುವುದು. --ಮಿನ್ ಈಗ ಹೀಗಿದೆ: "ಇಷ್ಟು ಕಿಲೋಗಿಂತ ಕಡಿಮೆ ಇರುವ ಲಾಟ್ ಲೆಕ್ಕಕ್ಕೆ ಬರುವುದಿಲ್ಲ. ಕೊಡದಿದ್ದರೆ ಎಲ್ಲ ಲಾಟ್ ಬರುತ್ತವೆ." ಮಾಮಾ ಪ್ರತಿ ಆಪ್ಷನ್‌ಗೂ "ಹಾಕಲಿಲ್ಲ ಅಂದ್ರ?" ಅಂತ ಕೇಳುತ್ತಿದ್ದರು. ನನ್ನ ಹಳೆಯ ಹೆಲ್ಪ್‌ನಲ್ಲಿ ಅದಕ್ಕೆ ಒಂದು ಕಡೆಯೂ ಉತ್ತರ ಇರಲಿಲ್ಲ.

ಆಪ್ಷನ್‌ಗಳನ್ನು ಓದಿ ಹೆಲ್ಪ್ ತೋರಿಸುವ ಕೆಲಸ ಪೈಥಾನ್‌ನ ಆರ್ಗ್‌ಪಾರ್ಸ್ ಅನ್ನೋ ಭಾಗದ್ದು. ಅದರಲ್ಲಿ ಮೆಟಾವಾರ್ ಅಂತ ಒಂದು ಸೌಲಭ್ಯ ಇದೆ, ಆಪ್ಷನ್ ಮುಂದೆ ಏನು ಕೊಡಬೇಕು ಅಂತ ತೋರಿಸಲು. ಸುಮ್ನೆ ಬಿಟ್ಟರೆ ಆಪ್ಷನ್ ಹೆಸರನ್ನೇ ದೊಡ್ಡ ಅಕ್ಷರದಲ್ಲಿ ಮತ್ತೆ ತೋರಿಸುತ್ತದೆ. ಅಲ್ಲಿ "ಕಿಲೋ" ಅಂತ ಕೊಟ್ಟೆ. ಈಗ ಮೇಲಿನ ಬಳಕೆಯ ಸಾಲಿನಲ್ಲೇ "--ಮಿನ್ ಕಿಲೋ" ಅಂತ ಕಾಣುತ್ತದೆ. ತಪ್ಪು ಟೈಪ್ ಮಾಡಿದಾಗಲೂ ಆ ಸಾಲು ಬರುವುದರಿಂದ, ಪೂರ್ತಿ ಹೆಲ್ಪ್ ತೆರೆಯದವರಿಗೂ ಅಳತೆ ಗೊತ್ತಾಗುತ್ತದೆ. ಈ ಒಂದು ಬದಲಾವಣೆ ನನಗೆ ತುಂಬ ಇಷ್ಟ.

--ಕ್ಲೀನ್ ಹೆಸರನ್ನೇ ತೆಗೆದು --ಮೂಲ-ಅಳಿಸು ಅಂತ ಮಾಡಿದೆ. ವಿವರಣೆ: "ಮೂಲ ಫೈಲು ಅಳಿಸುತ್ತದೆ. ಮತ್ತೆ ಸಿಗುವುದಿಲ್ಲ." ಆರ್ಗ್‌ಪಾರ್ಸ್ ಅರ್ಧ ಹೆಸರನ್ನೂ ಒಪ್ಪಿಕೊಳ್ಳುತ್ತದೆ, ಬರೀ --ಮೂಲ ಅಂದರೂ ಅಳಿಸಿಬಿಡುತ್ತಿತ್ತು. ಅರ್ಧ ಹೆಸರಿಗೆ ಅವಕಾಶ ಕೊಡುವ ಅಲೌ-ಅಬ್ರೆವ್ ಅನ್ನು ಫಾಲ್ಸ್ (ಬೇಡ) ಮಾಡಿ ಅದನ್ನು ನಿಲ್ಲಿಸಿದೆ. ಫೈಲು ನಕಲು ಮಾಡುವ ಆರ್‌ಸಿಂಕ್ ಕಮಾಂಡ್‌ನಲ್ಲಿ ಇರುವಂತೆ, ಏನಾಗುತ್ತದೆ ಅಂತ ಮೊದಲು ಬರೀ ತೋರಿಸುವ ಡ್ರೈ-ರನ್ ಕೂಡ ಸೇರಿಸಿದೆ.

ಒಂದು ಕಡೆ "5% ಕಡಿತ" ಅಂತ ಬರೆದಿದ್ದಕ್ಕೆ ಹೆಲ್ಪ್ ಕೇಳಿದರೆ ವ್ಯಾಲ್ಯೂ ಎರರ್ ಬರುತ್ತಿತ್ತು. ಲೆಕ್ಕ ಮಾತ್ರ ಸರಿಯಾಗಿ ನಡೆಯುತ್ತಿದ್ದರಿಂದ ನನಗೆ ಗೊತ್ತೇ ಆಗಿರಲಿಲ್ಲ. ಹೆಲ್ಪ್ ಸಾಲಿನಲ್ಲಿ % ಗುರುತಿಗೆ ಬೇರೆ ಅರ್ಥ ಇದೆ, ಅದಕ್ಕೆ ಅಲ್ಲಿ %% ಅಂತ ಎರಡು ಸಲ ಹಾಕಬೇಕು.

ಹೆಲ್ಪ್‌ನ ಕೊನೆಗೆ ಮೂರು ಉದಾಹರಣೆ ಇಟ್ಟಿದ್ದೇನೆ. ಸಾಲುಗಳು ಒಂದಕ್ಕೊಂದು ಅಂಟಿಕೊಳ್ಳದಿರಲಿ ಅಂತ ರಾ-ಡಿಸ್ಕ್ರಿಪ್ಷನ್ ಫಾರ್ಮ್ಯಾಟರ್ ಬೇಕಾಯಿತು. ಮೂರನೆಯದನ್ನು ಮಾಮಾ ತಾವೇ ಹೇಳಿ ಬರೆಸಿದರು. ಅವರ ಫೈಲಿನ ಹೆಸರುಗಳಲ್ಲಿ ನಡುವೆ ಜಾಗ ಇರುತ್ತದೆ, "ಮಾರ್ಚ್ 12.ಸಿಎಸ್‌ವಿ" ಥರ. ಅಂಥ ಹೆಸರಿಗೆ ಎರಡೂ ಕಡೆ ಕೋಟ್ ಹಾಕಿ ತೋರಿಸುವ ಸಾಲು ಅದು.