ಸ್ಕಾಲರ್‌ಶಿಪ್ ಬಂತು, ಆದರೆ ಯಾವ ಖಾತೆಗೆ?

2022ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಸೀಟು ಸಿಕ್ಕಿತು. ನಾವು ಸಿರುಗುಪ್ಪ ತಾಲ್ಲೂಕಿನವರು, ಮೂರು ಎಕರೆ ಭತ್ತದ ಗದ್ದೆ. ಫೀಸು ಕಟ್ಟುವ ಹೊತ್ತಿಗೆ ಭತ್ತ ಇನ್ನೂ ಗದ್ದೆಯಲ್ಲೇ ಇತ್ತು. ಅವ್ವ ತನ್ನ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿದಳು. "ಸ್ಕಾಲರ್‌ಶಿಪ್ ಬಂದ ಕೂಡ್ಲೇ ಕಟ್ಟಿಬಿಡಾಣ" ಅಂದಳು. ನಾನೂ ಹಾಗೇ ಅಂದುಕೊಂಡಿದ್ದೆ.

ಅರ್ಜಿ ಹಾಕುವುದೇನೂ ಕಷ್ಟ ಇಲ್ಲ. ಎಸ್‌ಎಸ್‌ಪಿ ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್. ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿದರೆ ಮನೆಯ ವಿವರ ತಾನಾಗಿಯೇ ಬರುತ್ತದೆ. ನಾನು ಹಿಂದುಳಿದ ವರ್ಗದವಳು. ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೆ, ಸೀಟು ಸಿಗಲಿಲ್ಲ. ಮೂವರು ಗೆಳತಿಯರು ಸೇರಿ ಕಂಟೋನ್ಮೆಂಟ್ ಕಡೆ ಒಂದು ರೂಮು ಹಿಡಿದೆವು. ಅಕ್ಕಿ ಊರಿಂದ, ಗ್ಯಾಸು ಪಾಲಿನಲ್ಲಿ. ಹಾಸ್ಟೆಲ್ ಸಿಗದೆ ಹೀಗೆ ಹೊರಗಿರುವ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಅಂತ ಇದೆ. ಊಟ–ವಸತಿಗೆ ಆಗ ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳು. ಹಾಸ್ಟೆಲ್ ಸಿಕ್ಕವರಿಗೆ ಇದು ಇಲ್ಲ. ಆದರೂ ಹಾಸ್ಟೆಲ್ ಸಿಕ್ಕರೆ ಅದೇ ಒಳ್ಳೆಯದು. 1,500ರಲ್ಲಿ ರೂಮಿನ ಪಾಲೇ ಮುಗಿಯಲ್ಲ ಅಲ್ವಾ?

ಕೆಲವು ತಿಂಗಳಾದ ಮೇಲೆ ಗೆಳತಿಯರಿಗೆ ಹಣ ಬಂತು. ನನಗಿಲ್ಲ. ಪೋರ್ಟಲ್‌ನಲ್ಲಿ ನೋಡಿದರೆ ಪಾವತಿಯಾಗಿದೆ ಅಂತ ತೋರಿಸುತ್ತಿದೆ. ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಎರಡು ಸಲ ಹೋದೆ. ಕೌಂಟರಿನ ಅಕ್ಕ ಎಂಟ್ರಿ ಹಾಕಿ ಕೊಟ್ಟು, "ನಮ್ಮಲ್ಲಿಗೆ ಬಂದಿಲ್ಲಮ್ಮ, ನಿನ್ನ ಆಧಾರ್ ಎಲ್ಲಿ ಸೀಡ್ ಆಗಿದೆ ನೋಡು" ಅಂದಳು. ಸೀಡ್ ಅಂದರೆ ಆಧಾರನ್ನು ಖಾತೆಗೆ ಜೋಡಿಸುವುದು, ಆಗಲೇ ನನಗೆ ಆ ಮಾತು ಗೊತ್ತಾಗಿದ್ದು. ಸರ್ಕಾರದ ಹಣ ನಾವು ಬರೆದುಕೊಟ್ಟ ಖಾತೆ ನಂಬರಿಗೆ ಬರಲ್ಲ, ಆಧಾರ್ ಕೊನೆಯದಾಗಿ ಯಾವ ಖಾತೆಗೆ ಸೀಡ್ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಆಧಾರ್ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ನೋಡಿದೆ. ಯಾವುದೋ ಪೇಮೆಂಟ್ಸ್ ಬ್ಯಾಂಕಿನ ಹೆಸರು! ಪಿಯುಸಿಯಲ್ಲಿದ್ದಾಗ ಸಿಮ್ ತಗೊಂಡಿದ್ದೆ. ಅಂಗಡಿಯವನು ಎರಡೆರಡು ಸಲ ಬೆರಳು ಒತ್ತಿಸಿಕೊಂಡಿದ್ದ, ಆಗಲೇ ಆ ಖಾತೆಯನ್ನೂ ತೆರೆದಿರಬೇಕು. ಹಣ ಅಲ್ಲಿ ತಣ್ಣಗೆ ಕೂತಿತ್ತು. ಅದನ್ನು ತೆಗೆದು, ಸೀಡಿಂಗ್ ನನ್ನ ಬ್ಯಾಂಕಿಗೆ ಬದಲಾಯಿಸಿಕೊಂಡೆ. ಈಗ ಯಾರೇ ಕೇಳಿದರೂ ಅರ್ಜಿಗಿಂತ ಮೊದಲು ಇದನ್ನೇ ನೋಡಿ ಅಂತೀನಿ.

ಇನ್ನೊಂದು ರೈತ ವಿದ್ಯಾನಿಧಿ. 2021ರಲ್ಲಿ ಶುರುವಾದ ಯೋಜನೆ. ರೈತರ ಮಕ್ಕಳು ಪಿ.ಜಿ. ಓದಿದರೆ ವರ್ಷಕ್ಕೆ ಹುಡುಗರಿಗೆ 10,000, ಹುಡುಗಿಯರಿಗೆ 11,000. ಅದಕ್ಕೆ ಅಪ್ಪನ ಫ್ರೂಟ್ಸ್ ನಂಬರ್, ಅಂದರೆ ಸರ್ಕಾರದಲ್ಲಿ ರೈತ ಅಂತ ನೋಂದಾಯಿಸಿದ ನಂಬರ್, ಬೇಕು. ಅಪ್ಪ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಸಂಜೆ ಬರಿಗೈಯಲ್ಲಿ ವಾಪಸ್ ಬಂದ. "ಪಹಣಿ ಇನ್ನೂ ತಾತನ ಹೆಸರಲ್ಲೈತಂತ." ತಾತ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮೂವತ್ತು ವರ್ಷದಿಂದ ಗದ್ದೆ ಮಾಡುವ ಅಪ್ಪ ಕಾಗದದಲ್ಲಿ ರೈತನೇ ಅಲ್ಲ.

ಸರಿ, ಪೌತಿ ಖಾತೆ ಮಾಡಿಸಬೇಕು, ಅಂದರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ತಾತನ ಮರಣ ಪ್ರಮಾಣಪತ್ರ, ವಂಶವೃಕ್ಷ, ಜೊತೆಗೆ ದೊಡ್ಡಪ್ಪನ ಒಪ್ಪಿಗೆ. ದೊಡ್ಡಪ್ಪ ಇದನ್ನು ಭಾಗದ ಮಾತು ಅಂತಲೇ ತಿಳಿದ. ಒಂದು ವಾರ ನಮ್ಮ ಕಟ್ಟೆಗೆ ಕೂರಲು ಬರಲಿಲ್ಲ. ಕೊನೆಗೆ ನಾನೇ ಮೊಬೈಲ್ ಹಿಡಿದು ಹೋಗಿ, "ದೊಡ್ಡಪ್ಪ, ಸುಬ್ಬಿಗೂ ಬರ್ತೈತಿ ನೋಡು" ಅಂತ ಅವನ ಮಗಳ ಹೆಸರು ಹೇಳಿ ತೋರಿಸಿದೆ. ಅವಳು ಆಗ ಡಿಗ್ರಿಯಲ್ಲಿದ್ದಳು. ಮರುದಿನ ಬಂದು ಸಹಿ ಹಾಕಿದ. ಖಾತೆ ಆಗಿ, ಫ್ರೂಟ್ಸ್ ನಂಬರ್ ಬರುವಷ್ಟರಲ್ಲಿ ನನ್ನ ಮೊದಲ ವರ್ಷ ಮುಗಿದೇ ಹೋಯಿತು.

ಬ್ಯಾಂಕ್ ಸಾಲವನ್ನೂ ವಿಚಾರಿಸಿದ್ದೆ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. 4 ಲಕ್ಷದವರೆಗೆ ಅಡಮಾನ ಕೇಳಲ್ಲ, ಅಪ್ಪ ಅಥವಾ ಅವ್ವ ಜೊತೆಗೆ ಸಹಿ ಹಾಕಬೇಕು. ಕೋರ್ಸ್ ಮುಗಿದ ಒಂದು ವರ್ಷದ ಮೇಲೆ ಕಂತು ಶುರು, ಆದರೆ ಬಡ್ಡಿ ಮಾತ್ರ ಮೊದಲ ದಿನದಿಂದಲೇ ಎಣಿಕೆಯಾಗುತ್ತದೆ. ಬೆಂಗಳೂರಿನಲ್ಲಿ ಎಂ.ಬಿ.ಎ. ಮಾಡುವ ಗೆಳತಿಗೆ ಅದು ಬೇಕಾಯಿತು. ನನ್ನ ಫೀಸಿಗೆ ಅಷ್ಟು ದೊಡ್ಡ ಸಾಲ ಯಾಕೆ ಅಂತ ಬಿಟ್ಟೆ.

ಒಂದು ಮಾತ್ರ ಹೊಟ್ಟೆ ಉರಿಸಿತು. 2023ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಪಿ.ಜಿ.ಯವರಿಗೆ ತಿಂಗಳಿಗೆ 15,000 ರೂಪಾಯಿ ಕೊಡುವ ಯೋಜನೆ ತಂದಿತು. ವರ್ಷಕ್ಕೆ ಹತ್ತು ತಿಂಗಳು, ದೇಶಕ್ಕೆಲ್ಲ ಸೇರಿ 10,000 ಜನಕ್ಕೆ. ಡಿಗ್ರಿ ಅಂಕದ ಮೇಲೆ ಆಯ್ಕೆ. ಆದರೆ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ನಾನಾಗಲೇ ಎರಡನೇ ವರ್ಷ. ನಮ್ಮ ಜೂನಿಯರ್‌ಗಳನ್ನೆಲ್ಲ ಕೂರಿಸಿ ಅರ್ಜಿ ಹಾಕಿಸಿದೆ.

ಅದೇ ವರ್ಷ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಊರಿಗೆ ಹೋಗಿಬರುವ ಬಸ್ ಖರ್ಚೂ ಉಳಿಯಿತು. ಶನಿವಾರ ಊರಿಗೆ ಹೋಗಿ ಅಕ್ಕಿ, ಚಟ್ನಿಪುಡಿ ತರುತ್ತಿದ್ದೆ.

ಎರಡನೇ ವರ್ಷ ರೈತ ವಿದ್ಯಾನಿಧಿಯ 11,000 ಬಂತು, ಸರಿಯಾದ ಖಾತೆಗೇ. ಮೆಸೇಜ್ ನೋಡಿ ಅವ್ವನಿಗೆ ಫೋನ್ ಮಾಡಿದೆ. ಅವ್ವ ಕೇಳಿದ್ದು ಒಂದೇ: "ಮಂಗಳವಾರ ಸಂಘದ ಮೀಟಿಂಗ್ ಐತಿ, ಅಷ್ಟರೊಳಗೆ ಬಿಡಿಸ್ಕೊಂಡು ಬರ್ತೀಯಾ?"